ಮೊಮ್ಮಗಳ ನಿದ್ದೆ

ಸಾನಾ ತೀರಿಕೊಂಡು ನಲವತ್ತನೆಯ ದಿನದ ಫಾತೆಹಾ ಮುಗಿದ ಮೇಲೆ ಅಳಿಯ ತೌಹೀದ್ ಕೂಸನ್ನು ಅತ್ತೆಯ ಮಡಿಲಿಗಿಟ್ಟು, "ಅಮ್ಮೀ, ನಮ್ಮ ಮನೇಲಿ ಹೆಂಗಸರಿಲ್ಲ. ಸ್ವಲ್ಪ ದಿನ ನೀವೇ ನೋಡ್ಕೊಳ್ಳಿ," ಎಂದ. ಮುನವ್ವರಾ ಬೇಡ ಎನ್ನಲಿಲ್ಲ. ಅವಳಿಗಿದ್ದವಳು ಒಬ್ಬಳೇ ಮಗಳು. ಹೆರಿಗೆ ಸಲೀಸಾಗಿಯೇ ಆಗಿತ್ತು. ಆಮೇಲೆ ಹತ್ತಿದ ಜ್ವರ ಇಳಿಯಲೇ ಇಲ್ಲ. ಕೂಸಿಗೆ ಸುಹಾನಾ ಎಂದು ಹೆಸರಿಟ್ಟದ್ದೊಂದೇ ಸಾನಾ ತಾಯಾಗಿ ಮಾಡಿದ ಕೆಲಸ. ತೌಹೀದ್ ಚನ್ನಪಟ್ಟಣದಲ್ಲಿ ಮರದ ಬೊಂಬೆ ಕಡೆಯುವವನು. ಅವನು ಬಸ್ಸು ಹತ್ತಿ ಹೋದ. ರಾಮನಗರದ ರೈಲು ಹಳಿಯಾಚೆಯ ಓಣಿಯ ಆ ಪುಟ್ಟ ಮನೆಯಲ್ಲಿ ಅಜ್ಜಿ, ಮೊಮ್ಮಗಳು ಇಬ್ಬರೇ ಉಳಿದರು.

ಮುನವ್ವರಾಗೆ ಐವತ್ತು ದಾಟಿತ್ತು. ಹುಡುಗಿಯಾಗಿದ್ದಾಗಿನಿಂದ ರೇಷ್ಮೆ ನೂಲು ಬಿಚ್ಚುವ ಫಿಲೇಚರಿನಲ್ಲಿ ದುಡಿದವಳು. ಬಿಸಿನೀರಿನ ಬೇಸಿನ್‌ನಲ್ಲಿ ತೇಲುವ ಗೂಡುಗಳಿಂದ ಎಳೆ ಹಿಡಿದು ಯಂತ್ರಕ್ಕೆ ಕೊಡುವುದು ಅವಳ ಕೆಲಸ. ಬೆರಳ ತುದಿಗಳು ಯಾವಾಗಲೂ ನೆನೆದು ಬಿರಿದಿರುತ್ತಿದ್ದವು. ಸಂಜೆ ಬಂದು ಎರಡು ತುತ್ತು ಉಂಡು ತಲೆ ಇಟ್ಟಳೆಂದರೆ ಬೆಳಗಿನ ಅಜಾನ್‌ಗೇ ಎಚ್ಚರ. ಗಂಡ ತೀರಿಕೊಂಡ ವರ್ಷದಲ್ಲೂ ಆ ನಿದ್ದೆ ಅವಳ ಕೈಬಿಟ್ಟಿರಲಿಲ್ಲ. ಸುಹಾನಾ ಬಂದ ಮೇಲೆ ಅದೂ ಹೋಯಿತು.

ಕೂಸು ರಾತ್ರಿಯಿಡೀ ಎದ್ದೆದ್ದು ಅಳುತ್ತಿತ್ತು. ಹಸಿವೆಂದು ಬಾಟ್ಲಿ ಬಾಯಿಗಿಟ್ಟರೆ ಎರಡು ಗುಟುಕು ಹೀರಿ ಮುಖ ತಿರುವುತ್ತಿತ್ತು. ಹೆಗಲಿಗೆ ಹಾಕಿಕೊಂಡು ಓಡಾಡಿದರೆ ಕಣ್ಣು ಮುಚ್ಚುತ್ತಿತ್ತು. ಹಾಸಿಗೆಗೆ ಬೆನ್ನು ತಾಗಿದ್ದೇ ತಡ, ಮತ್ತೆ ಚೀರಾಟ. ತಿಂಗಳುಗಳು ಕಳೆದು, ಕೂಸು ಕೂರುವಂತಾಗಿ, ಅಂಬೆಗಾಲಿಡುವಂತಾದರೂ ರಾತ್ರಿಗಳು ಹಾಗೇ ಇದ್ದವು. ಹೊಟ್ಟೆಯಲ್ಲಿ ಗಾಳಿ ಎಂದರು ಕೆಲವರು, ಹಲ್ಲು ಬರುತ್ತಿದೆ ಎಂದರು ಇನ್ನು ಕೆಲವರು. ಜಾಯಿಕಾಯಿ ತೇಯ್ದು ನೆಕ್ಕಿಸಿದ್ದಾಯಿತು, ದರ್ಗಾದಿಂದ ತಾಯಿತ ತಂದು ಕಟ್ಟಿದ್ದಾಯಿತು. "ಕೂಸು ತಾಯಿಯನ್ನ ಹುಡುಕ್ತಾ ಇದೆ," ಎಂದು ಓಣಿಯ ಮುದುಕಿಯೊಬ್ಬಳು ಅಂದದ್ದು ಮಾತ್ರ ಮುನವ್ವರಾಳ ಎದೆಯಲ್ಲಿ ಮುಳ್ಳಾಗಿ ಕೂತಿತು. ಆಮೇಲೆ ಮಗು ಅತ್ತಾಗಲೆಲ್ಲ ಅವಳಿಗೆ ಮೊದಲು ನೆನಪಾಗುತ್ತಿದ್ದುದು ಆ ಮಾತೇ.

ಪಕ್ಕದ ಮನೆಯ ಸರಸಮ್ಮ ಇಲ್ಲದಿದ್ದರೆ ಅವಳು ಎಂದೋ ನೆಲ ಹಿಡಿಯುತ್ತಿದ್ದಳು. ಸರಸಮ್ಮ ಬೆಳಿಗ್ಗೆ ಮನೆಬಾಗಿಲಲ್ಲೇ ಇಡ್ಲಿ ಮಾರಿ ಮುಗಿಸಿದರೆ ಆಮೇಲೆ ಬಿಡುವು. "ಹಗಲೊತ್ತು ನನ್ತಾವ ಬುಟ್ಟು ಹೋಗವ್ವ. ನಾನೇನು ಸುಮ್ಕೆ ಕುಂತಿರ್ತೀನಿ," ಎಂದು ಕೂಸನ್ನು ಕಸಿದುಕೊಂಡೇ ಕಳಿಸುತ್ತಿದ್ದಳು. ಆದರೆ ತಿಪ್ಪಸಂದ್ರದಲ್ಲಿದ್ದ ಅವಳ ಮಗಳ ಬಾಣಂತನ ಬಂತು. ಅವಳು ಹೋಗಲೇಬೇಕಾಯಿತು.

ಆ ವಾರವೇ ಮುನವ್ವರಾ ಬೇಸಿನ್ ಮುಂದೆ ಕೂತಲ್ಲೇ ತೂಕಡಿಸಿದಳು. ಕೈ ಮಣಿಕಟ್ಟಿನವರೆಗೂ ಬಿಸಿನೀರಿಗೆ ಜಾರಿತು. ಫಿಲೇಚರಿನ ಯಜಮಾನ ಮುಕ್ತಿಯಾರ್ ಓಡಿಬಂದು ತಣ್ಣೀರು ಸುರಿದ. ಬೆನ್ನಿಗೆ ಕಟ್ಟಿಕೊಂಡಿದ್ದ ಕೂಸು ಬೆದರಿ ಕಿರುಚುತ್ತಿತ್ತು.

"ಆಪಾ, ಹಿಂಗೆ ಬೆನ್ಮೇಲೆ ಹೊತ್ಕೊಂಡು ಎಷ್ಟು ದಿನ ನಡೆಸ್ತೀರಿ? ಆ ಕಂಬಕ್ಕೆ ಜೋಲಿ ಕಟ್ಟಿ, ಅದರಲ್ಲಿ ಮಲಗಿಸಿ," ಎಂದ.

ಸಾನಾಳ ಹಳೇ ಸೀರೆಯಲ್ಲಿ ಜೋಲಿ ಕಟ್ಟಿದಳು. ಯಂತ್ರಗಳ ಗಡಗಡ ಸದ್ದು, ಹಬೆ, ಬೆಂದ ಹುಳದ ನಾತ, ಇವೆಲ್ಲದರ ನಡುವೆ ಸುಹಾನಾ ಬಾಯಿ ತೆರೆದುಕೊಂಡು ಮಲಗಿಬಿಟ್ಟಿತು. ಒಂದು ಹೊತ್ತು ಪೂರ್ತಿ ಏಳಲಿಲ್ಲ. ಮುನವ್ವರಾ ಗಾಬರಿಯಾಗಿ ಎರಡು ಸಲ ಎದ್ದು ಹೋಗಿ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡಿದಳು. ಮಗಳು ಹೋದ ಮೇಲೆ ಮೊದಲ ಸಲ ಅವಳ ಮೈ ಸಡಿಲವಾಯಿತು. ಹಗಲಲ್ಲಿ ಹೀಗೆ ಮಲಗಿದ ಕೂಸು ರಾತ್ರಿ ಇನ್ನಷ್ಟು ಎಚ್ಚರವಿರುತ್ತಿತ್ತು, ನಿಜ. ಆದರೂ ಅಲ್ಲಾದರೂ ಮಲಗುತ್ತದಲ್ಲ ಎಂದುಕೊಂಡಳು.

ತಿಂಗಳು ತುಂಬುವಷ್ಟರಲ್ಲಿ ಕೂಸಿಗೆ ಕೆಮ್ಮು ಹತ್ತಿತು. ಎದೆಯೊಳಗೆ ಗೊರಗೊರ ಸದ್ದು, ಉಸಿರೆಳೆದಾಗ ಪಕ್ಕೆ ಒಳಗೆ ಹೋಗುತ್ತಿತ್ತು. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಎದೆಗೆ ಕೊಳವೆಯಿಟ್ಟು ಕೇಳಿ, ಮುನವ್ವರಾಳ ಬಟ್ಟೆಯ ವಾಸನೆ ಹಿಡಿದೇ ಕೇಳಿದಳು, "ಮಗೂನೂ ಫಿಲೇಚರಿಗೆ ಕರ್ಕೊಂಡು ಹೋಗ್ತೀರಾ?"

"ಅಲ್ಲಿ ಮಾತ್ರ ನಿದ್ದೆ ಮಾಡ್ತಾಳೆ ಮೇಡಂ."

ಡಾಕ್ಟರಮ್ಮ ಕೊಳವೆಯನ್ನು ಕತ್ತಿಗೆ ಹಾಕಿಕೊಂಡಳು. "ಆ ಹಬೆ, ಆ ವಾಸನೆ ದೊಡ್ಡವರ ಎದೆಗೇ ಆಗೋದಿಲ್ಲಮ್ಮ. ಇನ್ಮೇಲೆ ಅಲ್ಲಿಗೆ ಬೇಡ."

ಮನೆಗೆ ಬರುವ ದಾರಿಯುದ್ದಕ್ಕೂ ಮುನವ್ವರಾ ಜೋಲಿ ಕಟ್ಟಿದ ದಿನಗಳನ್ನು ಲೆಕ್ಕ ಹಾಕಿದಳು. ಕೂಸು ಮಲಗಿದೆಯೆಂದು ತಾನು ಸುಖಪಟ್ಟ ಒಂದೊಂದು ಹೊತ್ತೂ ಅದರ ಎದೆಯೊಳಗೆ ಹಬೆಯಾಗಿ ಸೇರಿತ್ತು. ಆ ದಿನದಿಂದ ಕೆಲಸ ಬಿಟ್ಟು ಮನೆಯಲ್ಲಿ ಕೂತಳು.

ಅಂಥ ಹೊತ್ತಿನಲ್ಲಿ ತೌಹೀದ್ ಬಂದ. ಬಣ್ಣ ಬಳಿದ ಗಿಲಕಿಯೊಂದನ್ನು ಮಗುವಿನ ಕೈಗೆ ಕೊಟ್ಟು, ನೆಲ ನೋಡುತ್ತ ಹೇಳಿದ, "ಅಮ್ಮೀ, ನನ್ನ ನಿಕಾ ಗೊತ್ತಾಗಿದೆ. ಹುಡುಗಿ ಹೆಸರು ಶಬೀನಾ. ಮಗೂನ ನೋಡ್ಕೊಳ್ತೀನಿ ಅಂತ ಒಪ್ಪಿದ್ದಾಳೆ."

"ನನ್ನ ಮಗಳ ಗೋರಿ ಮೇಲಿನ ಮಣ್ಣು ಇನ್ನೂ ಕೂತಿಲ್ಲ. ನಿನಗೆ ಹೆಂಡತಿ ಬೇಕು, ತಂದ್ಕೋ. ಕೂಸನ್ನ ಕೇಳಬೇಡ."

ಅವನು ಚಹಾ ಕೂಡ ಮುಟ್ಟದೆ ಹೋದ.

ಸರಸಮ್ಮ ಊರಿಂದ ಮರಳಿದ ಮಾರನೆಯ ದಿನ ಮಧ್ಯಾಹ್ನ ಅದು ನಡೆಯಿತು. ಮುನವ್ವರಾ ಕೂಸನ್ನು ಪಕ್ಕದಲ್ಲಿ ಕೂರಿಸಿಕೊಂಡು ಗೋಡೆಗೆ ಒರಗಿದ್ದಳು. ಬಾಗಿಲು ತೆರೆದಿತ್ತು. ಯಾವಾಗ ಕಣ್ಣು ಮುಚ್ಚಿತೋ ಅವಳಿಗೆ ತಿಳಿಯದು. ಯಾರೋ ಭುಜ ಹಿಡಿದು ಅಲುಗಾಡಿಸುತ್ತಿದ್ದರು.

"ಏಳವ್ವ, ಮುನವ್ವರಾ! ಕೂಸು ಹೊಸ್ಲು ದಾಟಿ ಮೋರಿತಾವ ಬಿದ್ಬುಟ್ಟೈತೆ ಕಣೇ!"

ಸರಸಮ್ಮನ ಸೊಂಟದ ಮೇಲೆ ಸುಹಾನಾ ಇದ್ದಳು. ಹಣೆ ಒಡೆದು ರಕ್ತ ಹುಬ್ಬಿನವರೆಗೆ ಇಳಿದಿತ್ತು. ಮೈಗೆಲ್ಲ ಮೋರಿಯ ಕೆಸರು. ಅತ್ತತ್ತು ದನಿ ಕೂತುಹೋಗಿತ್ತು. ಆಸ್ಪತ್ರೆಗೆ ಒಯ್ದು ಹೊಲಿಗೆ ಹಾಕಿಸಿಕೊಂಡು ಬಂದ ಮೇಲೆ ಮುನವ್ವರಾ ಕೇಳಿದಳು, "ಸರಸಕ್ಕ, ಎಷ್ಟೊತ್ತು ಅಳ್ತಿತ್ತು?"

"ಬುಡವ್ವ, ಈಗ್ಯಾಕೆ ಅದು."

"ಹೇಳು ಅಕ್ಕ."

"ಬಾಳ ಹೊತ್ತು ಅಳ್ತಿತ್ತು. ನೀನು ಎತ್ಕಂತೀಯ ಅಂತ ನಾನು ಪಾತ್ರೆ ತಿಕ್ತಾ ಕುಂತಿದ್ದೆ. ಆಮೇಲೆ ಬಂದು ನಿನ್ನ ಕೂಗ್ದೆ, ನೀನು ಏಳ್ನೇ ಇಲ್ಲ." ಸರಸಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನೀನೂ ಮನ್ಸಳೇ ಅಲ್ವಾ? ಕಲ್ಲಾ?"

ಮುನವ್ವರಾ ಕೂಸಿನ ಹಣೆಯ ಪಟ್ಟಿಯ ಮೇಲೆ ಬೆರಳಾಡಿಸಿದಳು. ಮಗು ಬಾಗಿಲ ಬಳಿಯೇ ಅತ್ತರೂ ಎಚ್ಚರವಾಗದ ಆ ನಿದ್ದೆ ಅವಳಿಗೆ ಹಾವಿನಂತೆ ಭಯ ಹುಟ್ಟಿಸಿತು. ಸಂಜೆ ತಾನೇ ತೌಹೀದ್‌ಗೆ ಫೋನ್ ಮಾಡಿದಳು. "ನಿಕಾ ಆಗಲಿ. ಆಮೇಲೆ ನಾನೇ ಕರ್ಕೊಂಡು ಬರ್ತೀನಿ," ಎಂದಷ್ಟೇ ಹೇಳಿ ಇಟ್ಟಳು.

ಚನ್ನಪಟ್ಟಣದ ಆ ಮನೆಯ ಮೆಟ್ಟಿಲು ಹತ್ತುವಾಗ ಶಬೀನಾಳ ಮೇಲೆ ಸಿಟ್ಟು ಮಾಡಿಕೊಂಡೇ ಹೋಗಿದ್ದಳು. ಎದುರಿಗೆ ನಿಂತದ್ದು ಮೆಹಂದಿ ಇನ್ನೂ ಮಾಸದ ಕೈಗಳ ಚಿಕ್ಕ ಹುಡುಗಿ. ತೌಹೀದ್ ಅತ್ತ ಹೋದ ಮೇಲೆ ಆ ಹುಡುಗಿ ಮೆಲ್ಲಗೆ ಕೇಳಿದಳು, "ರಾತ್ರಿ ಎದ್ರೆ ನಾನೇನು ಮಾಡ್ಲಿ ಅಮ್ಮೀ? ನನಗೆ ಭಯ ಆಗ್ತದೆ."

ಅಮ್ಮೀ ಎಂದಳಲ್ಲ. ಮುನವ್ವರಾ ಅವಳ ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡಳು.

"ಬಾಟ್ಲಿ ಬೇಡ ಅಂದ್ರೆ ಬಲವಂತ ಮಾಡಬೇಡ. ಬೆನ್ನ ಮೇಲೆ ಸುಮ್ಮನೆ ಕೈ ಇಟ್ಟಿರು, ತಟ್ಟಬೇಡ. ತಟ್ಟಿದ್ರೆ ಎಚ್ಚರ ಆಗ್ತಾಳೆ. ನಿನಗೆ ಸಾಕಾದಾಗ ತೌಹೀದ್‌ನ ಎಬ್ಬಿಸು. ಅವನ ಮಗಳೇ ಅವಳು. ಒಬ್ಬಳೇ ಎದ್ದಿರಬೇಡ." ಕೊನೆಯ ಮಾತನ್ನು ಎರಡು ಸಲ ಹೇಳಿದಳು.

ಬಸ್‌ಸ್ಟ್ಯಾಂಡಿನವರೆಗೂ ಮಗುವಿನ ಅಳು ಕಿವಿಯಲ್ಲಿತ್ತು. ಮರುದಿನದಿಂದ ಫಿಲೇಚರಿಗೆ ಹೋದಳು. ಮೊದಮೊದಲು ಪ್ರತಿ ಶುಕ್ರವಾರ ಮಗುವನ್ನು ನೋಡಲು ಹೋಗುತ್ತಿದ್ದಳು. ನೀವು ಬಂದು ಹೋದ ರಾತ್ರಿ ಹೆಚ್ಚು ಅಳ್ತಾಳೆ ಎಂದು ಶಬೀನಾ ನೊಂದುಕೊಂಡೇ ಹೇಳಿದ ಮೇಲೆ ಹೋಗುವುದನ್ನು ಕಡಿಮೆ ಮಾಡಿದಳು.

ರಂಜಾನ್ ಕಳೆದ ಮೇಲೆ ಒಮ್ಮೆ ಹೋದಾಗ ಸುಹಾನಾ ಗೋಡೆ ಹಿಡಿದು ನಿಂತಿದ್ದಳು. ಹಣೆಯ ಗಾಯ ಬಿಳಿಯ ಗೆರೆಯಾಗಿತ್ತು. ಮುನವ್ವರಾ ಕೈ ಚಾಚಿದಳು. ಮಗು ಅವಳನ್ನೇ ನೋಡಿ, ತುಟಿ ಸೊಟ್ಟ ಮಾಡಿ, ಹೋಗಿ ಶಬೀನಾಳ ಮಂಡಿಗೆ ಮುಖ ಒತ್ತಿಕೊಂಡಿತು.

"ಮರ್ತಿಲ್ಲ ಅಮ್ಮೀ, ನಾಚಿಕೆ ಅಷ್ಟೇ," ಎಂದಳು ಶಬೀನಾ. ಅವಳ ಕಣ್ಣ ಕೆಳಗೂ ಕಪ್ಪು ಕಟ್ಟಿತ್ತು.

ಸಂಜೆ ಓಣಿಗೆ ಮರಳಿದಾಗ ಸರಸಮ್ಮ ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದಳು. "ಹೆಂಗೈತವ್ವ ಕೂಸು? ರಾತ್ರಿ ಮನಿಕತೈತಾ?"

"ಈಗ ಒಂದೋ ಎರಡೋ ಸಲ ಏಳ್ತಾಳಂತೆ. ಎತ್ಕೊಂಡ್ರೆ ಸುಮ್ಮನಾಗ್ತಾಳಂತೆ."

"ಒಳ್ಳೇದಾತು ಬುಡು."

"ಹೂಂ," ಎಂದಳು ಮುನವ್ವರಾ. ಸರಸಮ್ಮನ ಪಕ್ಕ ಕೂತು, ಮೊರದಿಂದ ಒಂದು ಹಿಡಿ ಅಕ್ಕಿ ತನ್ನ ಮುಂದೆ ಎಳೆದುಕೊಂಡು ಕಲ್ಲು ಆರಿಸತೊಡಗಿದಳು. ಕತ್ತಲಾಗಿ ಕಲ್ಲು, ಅಕ್ಕಿ ಒಂದೇ ಆಗಿ ಕಾಣುವವರೆಗೂ ತನ್ನ ಮನೆಯೊಳಗೆ ಹೋಗಲಿಲ್ಲ.