ಕೆಂಗೇರಿಯಲ್ಲಿ ಹಸಿರು ಬಳೆ

ಮೈಸೂರಿನ ಗಾಡಿ ಕ್ರಾಸಿಂಗಿಗೆಂದು ಕೆಂಗೇರಿಯಲ್ಲಿ ನಿಂತಿತ್ತು. ಕಿಟಕಿಯ ಸರಳುಗಳ ಮೇಲೆಲ್ಲ ಕಲ್ಲಿದ್ದಲ ಪುಡಿ. ನನ್ನ ಎದುರು ಸೀಟಿನಲ್ಲಿ ಬಸುರಿ ಹುಡುಗಿಯೊಬ್ಬಳು, ಪಕ್ಕದಲ್ಲಿ ಅವಳ ಅತ್ತೆ. ಹುಡುಗಿಯ ಹಣೆಯೂ ಬೋಳು, ಕೈಯೂ ಬೋಳು. ಯಾರೂ ಏನೂ ಕೇಳಬೇಕಾಗಿರಲಿಲ್ಲ.

ಪ್ಲಾಟ್‌ಫಾರಂ ಮೇಲೆ ಬಳೆಗಾರ ಕಂಡದ್ದೇ ಅತ್ತೆ ಕೂಗಿ ಕರೆದರು. "ಹಸಿರು ಗಾಜಿನ ಬಳೆ ಕೊಡಪ್ಪ. ಚೆನ್ನಾಗಿ ಸದ್ದಾಗ್ಬೇಕು."

ಅವನು ಹುಡುಗಿಯನ್ನು ನೋಡಿ ತಡೆದ. "ಯಾರಿಗಮ್ಮಾ?"

"ನನಗೇ," ಎಂದು ಅತ್ತೆ ಕೈ ಚಾಚಿದರು. ಹುಡುಗಿ ತನ್ನ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ಇಂಥ ಸೊಸೆಯ ಮುಂದೆ ಈ ವಯಸ್ಸಿನಲ್ಲಿ ಬಳೆಯ ಶೋಕಿಯೇ ಎಂದು ನನಗೆ ಮೈಯೆಲ್ಲ ಉರಿಯಿತು. ಮುಖ ತಿರುಗಿಸಿದೆ.

ನನ್ನ ಮುಖ ಅವರಿಗೆ ಅರ್ಥವಾಗಿರಬೇಕು. "ಹೊಟ್ಟೇಲಿರೋ ಮಗು ತಾಯಿ ಬಳೆ ಸದ್ದು ಕೇಳ್ತಾ ಬೆಳೀಬೇಕು ಕಣಮ್ಮ. ಇವಳು ತೊಡೋ ಹಾಗಿಲ್ಲ, ನನ್ನ ಮಗ ಹೋದ. ಅದು ಒಳಗಿರೋ ಮಗೂಗೆ ಗೊತ್ತಾಗುತ್ತಾ?"

ಬಳೆ ತುಂಬಿದ ಕೈಯನ್ನು ಸೊಸೆಯ ಹೊಟ್ಟೆಯ ಹತ್ತಿರ ತಂದು ಮೆಲ್ಲಗೆ ಅಲ್ಲಾಡಿಸಿದರು.

ಅಷ್ಟು ಹೊತ್ತೂ ಬಾಯಿ ಬಿಡದ ಹುಡುಗಿ ಅತ್ತೆಯ ಮಣಿಕಟ್ಟು ಹಿಡಿದುಕೊಂಡಳು.

"ಒದೀತು ಅತ್ತೆ. ಇನ್ನೊಂದ್ಸಲ."