ಕಿಟಕಿಗಿಂತ ಮೊದಲು ದನಿ

ನಿನ್ನೆ ಬಸವಕಲ್ಯಾಣದ ನನ್ನ ಕೋಣೆಯಲ್ಲಿ ಹೊಸ ಅಂಗಿಯ ಮಡಿಕೆ ಬಿಚ್ಚಿದೆ, ನೋಡಿ. ಗಂಜಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ಮನಸ್ಸು ಹುಮನಾಬಾದಿಗೆ ಹೋಗಿ ಚಾಚಾರ ಬಟ್ಟೆ ಅಂಗಡಿಯಲ್ಲಿ ಕುಳಿತುಬಿಟ್ಟಿತು.

ಚಾಚಾ ನಮ್ಮ ನೆರೆಮನೆಯವರು. ಗಿರಾಕಿ ಮೆಟ್ಟಿಲೇರುವ ಮೊದಲೇ ಕೂಗುತ್ತಿದ್ದರು: "ಬಾ ಅವ್ವಾ, ಕುಂದ್ರು. ನೋಡಾಕ ರೊಕ್ಕಿಲ್ಲ, ಮುಟ್ಟಾಕ ರೊಕ್ಕಿಲ್ಲ!" ನಾನೋ ಊರಿನವರೆಲ್ಲರ ದನಿ ಅಣಕಿಸುವವನು, ನನಗೊಂದು ಸ್ವಂತ ದನಿ ಇದೆಯಂತೆ, ಅದು ಕೇಳುವಂಥದ್ದಲ್ಲ. ಚಾಚಾರ ಕೂಗನ್ನು ಅವರೆದುರೇ ಕೂಗಿದರೆ, "ಲೇ ಬದ್ಮಾಶ್, ನನಗಿಂತ ನೀನ ಛಲೋ ಮಾರ್ತಿ" ಎಂದು ನಗುತ್ತಿದ್ದರು.

ಒಂದು ದಿನ ಚಾಚಾರಿಗೆ ಗಂಟಲಿನ ಶಸ್ತ್ರಚಿಕಿತ್ಸೆಯಾಯಿತು. ದನಿ ಹೋಯಿತು. ಚಾಚಾ ಅಂಗಡಿಗೆ ಬರುವುದನ್ನೇ ಬಿಟ್ಟರು.

"ಗೋಡಿ ನೋಡ್ಕೋತ ಕುಂತಾರಪ್ಪ. ದುಕಾನ ಮಾರೂಣಂತ ಕೈಲೆ ಸನ್ನೆ ಮಾಡ್ತಾರ," ಎಂದು ಚಾಚಿ ಕಣ್ಣೊರೆಸಿಕೊಂಡರು.

ಕಂಪ್ಯೂಟರ್ ಕಲಿತವನೆಂಬ ಜಂಬ ನನಗಿತ್ತಲ್ಲ! ಅವರ ನಿತ್ಯದ ಮಾತುಗಳನ್ನು ಅವರದೇ ದನಿಯಲ್ಲಿ ನಾನು ಆಡಿ, ಧ್ವನಿಮುದ್ರಿಸಿ, ಒಂದು ಪ್ರೋಗ್ರಾಂ ಬರೆದೆ. ಪರದೆಯ ಮೇಲೊಂದು ಕಿಟಕಿ. ಅದರೊಳಗೆ ಮಾತಿಗೊಂದು ಗುಂಡಿ.

ಚಾಚಿ ಹೇಗೋ ಪುಸಲಾಯಿಸಿ ಅವರನ್ನು ಅಂಗಡಿಗೆ ಕರೆತಂದರು. ಘಾಟಬೋರಾಳದ ಹೆಣ್ಣುಮಗಳೊಬ್ಬಳು ಮೆಟ್ಟಿಲೇರಿದಳು. ಗಾದಿಯ ಪಕ್ಕ ನಾನಿಟ್ಟಿದ್ದ ಕಂಪ್ಯೂಟರಿನಲ್ಲಿ ಚಾಚಾ ಗುಂಡಿ ಒತ್ತಿದರು. ಪರೀಕ್ಷೆಗೆಂದು ಮೊದಲು ಹಾಕಿದ್ದ ಯಂತ್ರದ ದನಿಯೇ ಹೊರಬಿತ್ತು, ರೈಲು ತಡವಾಗಿದೆ ಎನ್ನುವ ಧಾಟಿಯಲ್ಲಿ. ಆಕೆ ಸೆರಗಿನಲ್ಲಿ ನಗು ಮುಚ್ಚಿದಳು. ಚಾಚಾ ಎದ್ದು ಚಪ್ಪಲಿ ಮೆಟ್ಟಿದರು.

"ತಡೀರಿ ಚಾಚಾ! ನಿಮ್ಮ ದನಿ ಯಾವುದಂತ ಅದಕ್ಕ ಹೇಳೂದು ತಡ ಆಗ್ಯದರಿ!" ಎಂದು ಕೂಗಿದೆ.

ಯಾವ ದನಿ ಬೇಕೆಂಬ ಸಾಲನ್ನು ನಾನು ಪ್ರೋಗ್ರಾಂನಲ್ಲಿ ಕಿಟಕಿ ತೆರೆಯುವ ಸಾಲಿನ ಕೆಳಗೆ ಬರೆದಿದ್ದೆ. ಕಿಟಕಿಯ ಜೊತೆಗೇ ಹುಟ್ಟುವ ಗುಂಡಿಗಳು, ಹುಟ್ಟುವಾಗ ಕೇಳಿದ್ದನ್ನಷ್ಟೇ ಹಿಡಿಯುತ್ತವೆ. ಹುಟ್ಟಿದ ಮೇಲೆ ನಮ್ಮ ಹಾಗೆಯೇ, ಯಾರ ಮಾತೂ ಕೇಳುವುದಿಲ್ಲ. ಸಾಲನ್ನು ಮೇಲೆ ತಂದೆ. ಕಿಟಕಿ ಮುಚ್ಚಿ ಮತ್ತೆ ತೆರೆದೆ. ಚಾಚಾ ಬಾಗಿಲಲ್ಲಿದ್ದರು. ಗುಂಡಿ ನಾನೇ ಒತ್ತಿದೆ.

"ಬಾ ಅವ್ವಾ, ಕುಂದ್ರು..."

ಹೆಣ್ಣುಮಗಳು ತಟ್ಟನೆ ಕುಳಿತಳು. ಒಳಗಿನಿಂದ ಚಾಚಿ ಓಡಿಬಂದು ಗಂಡನ ಬಾಯನ್ನೇ ನೋಡಿದರು. "ಯಾರ್ರೀ... ನೀವಾ?"

ಚಾಚಾ ಚಪ್ಪಲಿ ಕಳಚಿದರು. ಗಾದಿಯ ಮೇಲೆ ಕುಳಿತು, ಆ ಗುಂಡಿಯನ್ನು ತಾವೇ ಇನ್ನೊಮ್ಮೆ ಒತ್ತಿದರು.

ನಿನ್ನೆ ಸಂಜೆ ಇಲ್ಲಿಯ ಗೆಳೆಯರು ಸುತ್ತುವರಿದು, "ಚಾಚಾನ ಕೂಗೊಂದು ಹೊಡಿಯಲೇ!" ಎಂದರು. ತೆರೆದ ಬಾಯಿ ಮುಚ್ಚಿಕೊಂಡೆ. ಹುಮನಾಬಾದಿನಲ್ಲಿ ಅದು ವ್ಯಾಪಾರದ ಹೊತ್ತು.

"ಆಗಂಗಿಲ್ಲೋ," ಎಂದೆ. "ಆ ದನಿ ಈಗ ಚಾಚಾ ಬಳಸಾಕತ್ತಾರ."