ಹೊಸ ಮಿಷನ್ನಿಗೆ ಶಾಂತಿ ಆರಿಸಿದ ಪೋಸ್ಟ್

ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಹೋಗುವ ರಸ್ತೆಯಲ್ಲಿ, ಊರು ಮುಗಿಯುವ ಕಡೆ ಸೋಮೇಶನ ವರ್ಕ್‌ಶಾಪು. ಅರಿಶಿನ ಪಾಲಿಶ್ ಮಾಡುವ ಯಂತ್ರಗಳಿಗೆ ಬೇರಿಂಗ್ ಬ್ಲಾಕು, ಗ್ರಾನೈಟ್ ಕೊಯ್ಯುವವರಿಗೆ ಬೇಕಾದ ಬಿಡಿಭಾಗ, ಹೀಗೆ ಕಬ್ಬಿಣ ಕೊರೆದು ಕೊಡುವ ಕೆಲಸ. ಅಲ್ಲಿ ಕಂಪ್ಯೂಟರಿನ ಮುಂದೆ ಕೂರುವವಳು ಉಮ್ಮತ್ತೂರಿನ ಶಾಂತಿ. ಅವಳ ಅವ್ವ ಮಲ್ಲಾಜಮ್ಮ ಕಂಡವರ ಹೊಲದಲ್ಲಿ ಚೆಂಡುಹೂವು ಬಿಡಿಸಿಯೇ ಮಗಳಿಗೆ ಡಿಪ್ಲೊಮಾ ಓದಿಸಿದ್ದಳು. ಮಗಳ ಕೆಲಸ ಏನೆಂದು ಯಾರಾದರೂ ಕೇಳಿದರೆ, "ಮಿಷನ್‌ಗೆ ಪಾಠ ಬರ್ದು ಕೊಡ್ತಾಳೆ ಕಣವ್ವ" ಅನ್ನುತ್ತಿದ್ದಳು. ಆ ಮಾತು ಸುಳ್ಳೇನಲ್ಲ.

ಬ್ಲಾಕಿನ ಚಿತ್ರವನ್ನು ಕಂಪ್ಯೂಟರಿನಲ್ಲಿ ಬರೆದು, ಕಬ್ಬಿಣ ಕೊರೆಯುವ ಟೂಲು ಎಲ್ಲಿಂದ ಎಲ್ಲಿಗೆ ಓಡಬೇಕೆಂದು ಶಾಂತಿ ದಾರಿ ಹಾಕುತ್ತಾಳೆ. ಆ ದಾರಿ ಮಿಷನ್ನಿಗೆ ಹಾಗೇ ಅರ್ಥವಾಗುವುದಿಲ್ಲ. ಅದರ ಭಾಷೆಗೆ ತಿರುಗಿಸಿ ಹೇಳಲು ನಡುವೆ ಒಬ್ಬ ದುಭಾಷಿ ಬೇಕು. ಅದಕ್ಕೆ ಪೋಸ್ಟ್ ಪ್ರೊಸೆಸರ್ ಎಂದು ಹೆಸರು. ಶಾಪಿನಲ್ಲಿ ಎಲ್ಲರ ಬಾಯಲ್ಲೂ ಬರೀ ಪೋಸ್ಟು. ಮಿಷನ್ನಿನ ತಲೆಯೊಳಗಿರುವ ಕಂಟ್ರೋಲು ಬೇರೆಯಾದರೆ ಪೋಸ್ಟೂ ಬೇರೆ. ಇದು ಶಾಂತಿಗೆ ಗೊತ್ತಿಲ್ಲದ ವಿಷಯವಲ್ಲ.

ಕಳೆದ ವರ್ಷ ಆಷಾಢ ಕಳೆದ ಮೇಲೆ ಸೋಮೇಶ ಕೊಯಮತ್ತೂರಿನಿಂದ ಸೆಕೆಂಡ್‌ಹ್ಯಾಂಡ್ ಮಿಲ್ಲಿಂಗ್ ಮಿಷನ್ ತರಿಸಿದ. ಶಾಪಿನಲ್ಲಿ ಆಗಲೇ ಇದ್ದ ಮಿಷನ್ನಿನದೇ ಮುಖ. ಅದೇ ಕಂಪನಿಯ ಹೆಸರು, ಅದೇ ಸಾಲಿನ ಗುಂಡಿಗಳು, ಪರದೆಯೂ ಹೆಚ್ಚುಕಡಿಮೆ ಅದೇ. ಪೂಜೆಗೆಂದು ತೆರಕಣಾಂಬಿಯಿಂದ ಸೋಮೇಶನ ಅಪ್ಪ ಮರಿಮಲ್ಲಪ್ಪನವರು ಬಂದಿದ್ದರು. ತೆಂಗಿನಕಾಯಿ ಒಡೆದಾಯಿತು. ಅಪ್ಪನ ಕಣ್ಣೆದುರಿಗೇ ಮೊದಲ ಬ್ಲಾಕು ಬರಬೇಕೆಂದು ಸೋಮೇಶನಿಗೆ ಆಸೆ.

"ಯಾವ ಪೋಸ್ಟ್ ಹಾಕ್ತೀಯಮ್ಮಿ?" ಎಂದು ಕೇಳಿದ.

"ಎರಡೂ ಒಂದೇ ತರ ಅವೆ ಅಲ್ವಣ್ಣ? ಹಳೇದನ್ನೇ ಹಾಕ್ತೀನಿ" ಎಂದಳು ಶಾಂತಿ.

ಹಾಗೆ ಪೋಸ್ಟು ಬರೆದ ಪ್ರೋಗ್ರಾಮನ್ನು ಆಪರೇಟರ್ ಪುಟ್ಟಮಾದು ಮಿಷನ್ನಿಗೆ ಹಾಕಿಕೊಂಡ. ಸಂತೆಮರಹಳ್ಳಿಯವನು, ಐವತ್ತು ದಾಟಿದ ಮನುಷ್ಯ. ಶಾಂತಿ ಅವನನ್ನು ಮಾದಣ್ಣ ಅನ್ನುತ್ತಿದ್ದಳು. ಅವಳು ಕೊಟ್ಟ ಪ್ರೋಗ್ರಾಂ ಒಂದು ಸಲವೂ ಕೈಕೊಟ್ಟಿರಲಿಲ್ಲವಾದ್ದರಿಂದ ಅವನು ವೇಗದ ಗುಂಡಿಯನ್ನು ಪೂರ್ತಿ ತಿರುಗಿಸಿಟ್ಟು, ಬಾಗಿಲಿನ ಗಾಜಿಗೆ ಮುಖವಿಟ್ಟು ಒಳಗೆ ನೋಡುತ್ತ ಸ್ಟಾರ್ಟ್ ಒತ್ತಿದ.

ಮೇಲಿಂದ ಇಳಿದ ಟೂಲು ಕಬ್ಬಿಣದ ಮೇಲೆ ನೂರು ಮಿಲಿಮೀಟರ್ ಎತ್ತರದಲ್ಲಿ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಹದ್ದು ಎರಗಿದಂತೆ ಕೆಳಕ್ಕೆ ಬಂದು, ಕಬ್ಬಿಣವನ್ನು ಇನ್ನೇನು ಮುಟ್ಟಿತು ಅನ್ನುವಷ್ಟರಲ್ಲಿ ಹೊರಳಿ, ಅದೇ ರಭಸದಲ್ಲಿ ಅಡ್ಡಕ್ಕೆ ಓಡಿ, ಕಬ್ಬಿಣವನ್ನು ಬಿಗಿಹಿಡಿದಿದ್ದ ಕ್ಲಾಂಪಿಗೆ ಬಡಿಯಿತು. ಎದೆಯೊಳಗೇ ಏನೋ ಒಡೆದಂಥ ಸದ್ದು. ಗಾಜಿನ ಮೇಲೆ ಟಪ್ ಎಂದು ಒಂದು ಏಟು. ಪುಟ್ಟಮಾದು ಹಿಂದಕ್ಕೆ ಬಿದ್ದ.

ಕೆಂಪು ಗುಂಡಿ ಒತ್ತಿ ಮಿಷನ್ ನಿಲ್ಲಿಸಿದ್ದು ಯಾರೆಂದು ಶಾಂತಿಗೆ ಇವತ್ತಿಗೂ ನೆನಪಿಲ್ಲ. ಅವಳದೇ ಕೈ ಅಂತೆ. ಅವಳಿಗೆ ನೆನಪಿರುವುದು ಗಾಜು ಮಾತ್ರ. ಪುಟ್ಟಮಾದುವಿನ ಮುಖವಿದ್ದ ಕಡೆಯೇ, ಕಣ್ಣಿನ ಎತ್ತರಕ್ಕೇ, ಜೇಡರ ಬಲೆಯ ಹಾಗೆ ಬಿರುಕು ಬಿಟ್ಟು, ನಡುವೆ ಮುರಿದ ಟೂಲಿನ ಚೂರು ಕಚ್ಚಿಕೊಂಡು ನಿಂತಿತ್ತು.

ಪುಟ್ಟಮಾದು ನೆಲದ ಮೇಲೆ ಕುಂತು ಎರಡು ಅಂಗೈಯಲ್ಲೂ ಕಣ್ಣು ಸವರಿಕೊಂಡ. ಮತ್ತೆ ಸವರಿಕೊಂಡ.

"ಅವೆ ಕಣವ್ವ. ಎರಡೂ ಅವೆ" ಎಂದ.

"ದೃಷ್ಟಿ ಆಗ್ಯದೆ ಕಣ" ಎಂದರು ಮರಿಮಲ್ಲಪ್ಪನವರು. ಸೋಮೇಶ ಆಗಲೇ ಮಿಷನ್ ಮಾರಿದವನಿಗೆ ಫೋನ್ ಮಾಡಿ, ಕೆಟ್ಟದ್ದನ್ನು ತಲೆಗೆ ಕಟ್ಟಿದ್ದೀರೆಂದು ಕೂಗಾಡುತ್ತಿದ್ದ. ಶಾಂತಿ ಪರದೆಯ ಹತ್ತಿರ ಹೋದಳು. ಟೂಲಿನ ಎತ್ತರ ತೋರಿಸುವ ಜಾಗದಲ್ಲಿ ಸೊನ್ನೆ ಪಾಯಿಂಟ್ ಒಂದು ಎಂದಿತ್ತು. ಅವಳು ಹೇಳಿ ಕಳಿಸಿದ್ದು ನೂರು. ನೋಡುತ್ತ ನಿಂತವಳಿಗೆ ತಟ್ಟನೆ ಹೊಳೆಯಿತು. ನೂರರ ಕೊನೆಗೆ ಹಳೆಯ ಪೋಸ್ಟು ದಶಾಂಶದ ಚುಕ್ಕೆ ಇಡುವುದಿಲ್ಲ. ಚುಕ್ಕೆಯಿಲ್ಲದ ನೂರನ್ನು ಹಳೆ ಮಿಷನ್ನು ನೂರು ಮಿಲಿಮೀಟರ್ ಎಂದು ಓದಿಕೊಳ್ಳುತ್ತದೆ. ಈ ಹೊಸದು ನೂರು ಮೈಕ್ರಾನ್ ಎಂದು ಓದಿತ್ತು. ಅಂದರೆ ಕೂದಲೆಳೆಯಷ್ಟು.

"ಫೋನ್ ಇಡಣ್ಣ" ಎಂದಳು. "ಮಿಷನ್ ಕೆಟ್ಟಿಲ್ಲ. ನಾವು ಹೇಳಿದ್ದನ್ನೇ ಮಾಡ್ಯದೆ. ನೂರಕ್ಕೆ ಚುಕ್ಕಿ ಇಟ್ಟಿಲ್ಲ ನಾವು."

ಸೋಮೇಶ ಗಾಜನ್ನೊಮ್ಮೆ ಅವಳನ್ನೊಮ್ಮೆ ನೋಡಿದ. "ಒಂದು ಚುಕ್ಕಿಗಾ?" ಎಂದ.

ಮರುದಿನ ಪುಟ್ಟಮಾದು ಕೆಲಸಕ್ಕೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ಶಾಂತಿ ಬಸ್ಸು ಹಿಡಿದು ಸಂತೆಮರಹಳ್ಳಿಗೆ ಹೋದಳು. ಅಂಗಳದಲ್ಲಿ ಅಲಸಂದೆಕಾಯಿ ಸುಲಿಯುತ್ತಿದ್ದ ಅವನ ಹೆಂಡತಿ ಈರಮ್ಮ ಎದ್ದು ಬಂದು, "ಏನಾಯ್ತವ್ವ ಅಲ್ಲಿ? ಬಂದಾಗಿಂದ ಈವಯ್ಯಂದು ಮಾತಿಲ್ಲ ಕತೆಯಿಲ್ಲ" ಎಂದಳು. ಮನೆಯಲ್ಲಿ ಅವನು ಬಾಯೇ ಬಿಟ್ಟಿಲ್ಲವೆಂದು ತಿಳಿದು ಶಾಂತಿ ದಂಗಾದಳು.

"ನನ್ನ ಮೇಲೆ ಸಿಟ್ಟಾ ಮಾದಣ್ಣ?" ಎಂದು ಜಗುಲಿಯಲ್ಲಿ ಕುಂತಿದ್ದವನನ್ನು ಕೇಳಿದಳು.

"ಸಿಟ್ಟು ಯಾಕವ್ವ. ವೇಗದ ಗುಂಡಿ ನನ್ ಕೈಲೇ ಇತ್ತಲ್ಲ. ಹೊಸ ಮಿಷನ್ನು, ಮೆಲ್ಲಗೆ ಬುಡ್‌ಬೇಕಾಗಿತ್ತು. ನಂದೇ ತಪ್ಪು ಅಂತ ಎರಡ್ ದಿನದಿಂದ ಅನ್ನ ಸೇರ್ತಾ ಇಲ್ಲ."

ಶಾಂತಿಗೆ ಸಿಡಿಲು ಬಡಿದಂತಾಯಿತು. ತಪ್ಪು ತನ್ನೊಬ್ಬಳದೇ ಎಂದು ಅವಳು ಉಮ್ಮತ್ತೂರಿನಲ್ಲಿ ಊಟ ಬಿಟ್ಟಿದ್ದರೆ, ಇಲ್ಲಿ ಈತನೂ ಬಿಟ್ಟಿದ್ದಾನೆ. ಅವನ ಪಕ್ಕದಲ್ಲೇ ಜಗುಲಿಯ ಮೇಲೆ ಕುಂತುಬಿಟ್ಟಳು. ಕೊನೆಗೆ ಅವನೇ ಅಂದ: "ಆ ಮಿಷನ್ನು ಯಾವ ಮಾತಾಡ್ತದೆ ಅಂತ ಸರ್ಯಾಗಿ ತಿಳ್ಕೊ. ತಿಳ್ಕೊಂಡು ಕರಿ. ಬತ್ತೀನಿ."

ಸಾಫ್ಟ್‌ವೇರಿನಲ್ಲಿ ಪೋಸ್ಟುಗಳಿಗೇನೂ ಬರವಿರಲಿಲ್ಲ. ಅಣ್ಣತಮ್ಮಂದಿರ ಹಾಗೆ ಒಂದೇ ತರದ ಹೆಸರಿನವು ಸಾಲಾಗಿ ನಿಂತಿದ್ದವು. "ಯಾವ್ದಾದ್ರೂ ಒಂದ್ ಹಾಕಿ ನೋಡನ" ಎಂದ ಸೋಮೇಶ. ಶಾಂತಿ ಒಪ್ಪಲಿಲ್ಲ. ಕೊಯಮತ್ತೂರಿನಲ್ಲಿ ಆ ಮಿಷನ್ ನಡೆಸುತ್ತಿದ್ದವನ ನಂಬರ್ ಹುಡುಕಿಸಿದಳು. ಗಡಿಯಾಚೆಯ ತಾಳವಾಡಿಗೆ ಕೊಟ್ಟ ಚಿಕ್ಕಮ್ಮನ ಮನೆಯಲ್ಲಿ ಕಲಿತ ಹರಕುಮುರುಕು ತಮಿಳಿನಲ್ಲಿ ನಡೆದದ್ದನ್ನು ಹೇಳಿದಾಗ ಆತ ಗಾಬರಿಯಾದ. ನಿಮಗೆ ಯಾರೂ ಹೇಳಲಿಲ್ಲವೇ, ಹಳೆಯ ಕಂಟ್ರೋಲು ಸುಟ್ಟುಹೋಗಿ ಬೇರೆ ಕಂಪನಿಯದನ್ನು ಕೂರಿಸಿದ್ದಾರೆ, ಮುಂದಿನ ಪ್ಯಾನೆಲ್ ಮಾತ್ರ ಹಳೆಯದು, ಹಿಂದಿನ ಬಾಗಿಲು ತೆಗೆದು ನೋಡಿ ಎಂದ.

ಕರೆಂಟು ತೆಗೆಸಿ ಹಿಂದಿನ ಬಾಗಿಲು ಬಿಚ್ಚಿಸಿದಳು. ವೈರುಗಳ ಸಂದಿಯಲ್ಲಿ ಅವಳು ಎಂದೂ ಕೇಳದ ಹೆಸರಿನ ಪೆಟ್ಟಿಗೆಯೊಂದು ಹಸಿರು ದೀಪ ಆರಿಸಿಕೊಂಡು ಕೂತಿತ್ತು. ಪಕ್ಕದಲ್ಲಿದ್ದ ಸೋಮೇಶ, "ಅಯ್ಯೋ ಶಿವನೇ, ಇದು ಯಾರ್ದು ಇದು?" ಎಂದು ಬಾಯಿ ಮೇಲೆ ಕೈಯಿಟ್ಟುಕೊಂಡ. ಗುರುತಿನವರ ಮನೆಯೆಂದು ಬಾಗಿಲು ತಟ್ಟಿದರೆ ಗುರುತಿಲ್ಲದವನು ಬಂದು ತೆರೆದಂತಾಗಿತ್ತು ಶಾಂತಿಗೆ. ಪೆಟ್ಟಿಗೆಯ ಮೇಲಿನ ನಂಬರ್ ಫೋಟೊ ತೆಗೆದು ಮೈಸೂರಿನ ಸಾಫ್ಟ್‌ವೇರ್ ಡೀಲರಿಗೆ ಕಳಿಸಿದಳು. ಆ ಕಂಟ್ರೋಲಿಗೆಂದೇ ಇರುವ ಪೋಸ್ಟು ಬಂತು. ಅದು ಬರೆದ ಪ್ರೋಗ್ರಾಮಿನಲ್ಲಿ ಪ್ರತಿ ಅಂಕಿಗೂ ಚುಕ್ಕೆ ಇದೆಯೇ ಎಂದು ಕೂತು ಓದಿದ ಮೇಲೆಯೇ ಪುಟ್ಟಮಾದುವಿಗೆ ಫೋನ್ ಮಾಡಿದ್ದು.

ಅವನು ಬಂದ. ಮೇಜಿನ ಮೇಲೆ ಕಬ್ಬಿಣವಿಲ್ಲ, ಕ್ಲಾಂಪಿಲ್ಲ. ಬರೀ ಗಾಳಿಯಲ್ಲಿ ಓಡಿಸುವುದು ಎಂದು ಶಾಂತಿ ಹೇಳಿದಳು. ಒಂದು ಸಾಲು ಓಡಿಸಿ ನಿಲ್ಲಿಸುವುದು, ಪರದೆ ನೋಡುವುದು, ಮತ್ತೊಂದು ಸಾಲು. ವೇಗದ ಗುಂಡಿ ತೀರಾ ಕೆಳಗೆ. ಪುಟ್ಟಮಾದುವಿನ ಒಂದು ಕೈ ಕೆಂಪು ಗುಂಡಿಯ ಮೇಲೇ ಇತ್ತು. ಟೂಲು ಬಸವನ ಹುಳುವಿನಂತೆ ಇಳಿದು ನೂರರಲ್ಲಿ ನಿಂತಿತು. ಇಬ್ಬರೂ ಉಸಿರು ಬಿಟ್ಟರು. ಬೇರಿಂಗ್ ಕೂರುವ ತೂತಿನ ವೃತ್ತ ಸುತ್ತಬೇಕಾದ ಕಡೆ ಮಾತ್ರ ಮಿಷನ್ನು ಕಿರ್ರೆಂದು ಕೂಗಿ ನಿಂತುಬಿಟ್ಟಿತು. ಆ ಸದ್ದಿಗೆ ಶಾಂತಿ ಬೆಚ್ಚಿ ಗೋಡೆಗೆ ಒರಗಿದಳು. ಕಣ್ಣಲ್ಲಿ ನೀರು ಬಂತು. ವೃತ್ತದ ನಡುಬಿಂದು ಎಲ್ಲಿದೆಯೆಂದು ಪೋಸ್ಟು ಬರೆದ ರೀತಿ ಆ ಕಂಟ್ರೋಲಿಗೆ ಹಿಡಿಸಿರಲಿಲ್ಲ. "ಗಾಳೀಲೇ ಅಲ್ವೇನವ್ವ ನಿಂತದ್ದು, ಬುಡು" ಎಂದು ಪುಟ್ಟಮಾದು ನೀರಿನ ಬಾಟಲಿ ಕೊಟ್ಟ. ಡೀಲರು ಫೋನಿನಲ್ಲೇ ಹೇಳಿಕೊಟ್ಟ ಹಾಗೆ ಪೋಸ್ಟಿನ ಒಂದು ಆಯ್ಕೆ ಬದಲಾಯಿಸಿದಳು. ಮತ್ತೆ ಮೊದಲಿಂದ ಗಾಳಿ. ಆಮೇಲೆ ಮರದ ತುಂಡು. ಕಬ್ಬಿಣ ಕೂರಿಸಿದ್ದು ಎಲ್ಲ ಆದ ಮೇಲೆಯೇ, ಆ ವಾರದ ಕೊನೆಗೆ. ಬ್ಲಾಕು ಅಳತೆಗೆ ಸರಿಯಾಗಿ ಬಂತು.

ಈಗ ಆ ಮಿಷನ್ನು ದಿನವೂ ಓಡುತ್ತದೆ. ಪುಟ್ಟಮಾದು ಗಾಜಿನ ನೇರಕ್ಕೆ ನಿಲ್ಲುವುದನ್ನು ಬಿಟ್ಟಿದ್ದಾನೆ.

ಅವ್ವನಿಗೆ ಶಾಂತಿ ನಡೆದದ್ದನ್ನೆಲ್ಲ ಹೇಳಿದ್ದು ಬ್ಲಾಕು ಬಂದ ಸಂಜೆ, ರಾಗಿಮುದ್ದೆ ಮುರಿಯುತ್ತ. ಮಲ್ಲಾಜಮ್ಮನ ಕೈಯಲ್ಲಿದ್ದ ತುತ್ತು ತಟ್ಟೆಗೆ ಬಿತ್ತು. "ಆ ಮನ್ಸನ್ ಕಣ್ಣು ಓಗಿದ್ರೆ ಏನ್ ಮಾಡ್ತಿದ್ದೆ ನೀನು?" ಎಂದಳು. ಮರುದಿನ ಮಲ್ಲಾಜಮ್ಮ ಕೂಲಿಗೆ ಹೋಗದೆ, ಮಗಳಿಗೂ ಹೇಳದೆ, ಸಂತೆಮರಹಳ್ಳಿಗೆ ಹೋಗಿ ಪುಟ್ಟಮಾದುವಿನ ಮುಖವನ್ನು ಬೆಳಕಿಗೆ ತಿರುಗಿಸಿ ಎರಡೂ ಕಣ್ಣನ್ನು ತಾನೇ ನೋಡಿ ಬಂದಳು.